ದತ್ತಾತ್ರಿಯ ಟೋಪಿ

ಟ್ಯಾಂಕರ್ ನೀರು ಕೊಡಕ್ಕೆ ಹತ್ತು ರೂಪಾಯಿ, ಬಿಳಿ ಬಟ್ಟೆಗೆ ಇನ್ನೂರು, ಕಟ್ಟಿಗೆಗೆ ಮೂರು ಸಾವಿರ. ಮನಸ್ಸಿನಲ್ಲೇ ಕೂಡಿಸುತ್ತಿದ್ದ ಕೇಶರಬಾಯಿ, ಗಂಡ ದತ್ತಾತ್ರಿಯ ಮೈಮೇಲೆ ಮೂರನೆಯ ಕೊಡ ಬಗ್ಗಿಸಲು ಹೊರಟ ಅಳಿಯ ವೈಜಿನಾಥನ ಕೈ ಹಿಡಿದಳು.

“ಸಾಕು ಬಿಡ್ರಿ. ಎರಡು ಕೊಡದಾಗ ಮೈ ತೊಯ್ದದ.”

“ಸತ್ತವಗೂ ಅಳತಿ ನೀರೇನ, ಕೇಶರಾ?” ಎಂದಳು ಪಕ್ಕದ ಮನೆಯ ಕೌಸಲ್ಯಾಬಾಯಿ.

“ಮಣ್ಣಿಗಿ ಹೋದವರು ತಿರುಗಿ ಬಂದ ಮ್ಯಾಲ ಕೈಕಾಲಿಗಿ ನೀ ಕೊಡ್ತಿಯೇನ?”

ಆ ಬೇಸಿಗೆಯಲ್ಲಿ ಹಲಬರ್ಗಾದ ಬಾವಿಗಳೆಲ್ಲ ಬತ್ತಿದ್ದವು. ಓಣಿಯ ಹುಡುಗರು ಪುಣೆ, ಹೈದರಾಬಾದ ಸೇರಿದ್ದರು. ಹೆಣ ಹೊರಲು ನಾಲ್ಕನೆಯ ಹೆಗಲಾಗಿ ಸಿಕ್ಕವನು ಭಾಲ್ಕಿಯಿಂದ ಬಂದಿದ್ದ ಗೋರಖನಾಥ, ನಿವೃತ್ತ ಸುಭೇದಾರ, ಮಾಜಿ ಸೈನಿಕರ ಸಂಘದ ಅಧ್ಯಕ್ಷ.

ಕೇಶರಬಾಯಿ ಒಳಗೆ ಹೋಗಿ ಟ್ರಂಕಿನಿಂದ, ಅವನು ಸೈನ್ಯದಲ್ಲಿದ್ದಾಗಿನ ಪಲ್ಟಣದ ಟೋಪಿ ತಂದಳು. ಗಂಡನ ತಲೆಗೆ ಇಡಲು ಬಗ್ಗಿದಾಗ ಗೋರಖನಾಥ ಕೆಮ್ಮಿದ.

“ವೈನಿ, ತಪ್ಪು ತಿಳ್ಕೋಬ್ಯಾಡ್ರಿ. ಆ ಟೋಪಿ ಮ್ಯಾಲ ಅವರಿಗಿ ಹಕ್ಕಿಲ್ಲ. ರಿಕಾರ್ಡದಾಗ ಭಗೋಡಾ ಅಂತ ಅದ. ನೌಕರಿ ಬಿಟ್ಟು ಓಡಿದವರು.”

“ಓಡಿ ಎಲ್ಲಿಗಿ ಬಂದಿದ್ರು ಅಂತ ಬರದದೇನ್ರಿ ಅದರಾಗ?”

*

ಎಪ್ಪತ್ತೆರಡರ ಬರದಲ್ಲಿ ದತ್ತಾತ್ರಿ ರಜೆ ಮೇಲೆ ಊರಿಗೆ ಬಂದಾಗ ಮನೆಯ ಬಾಗಿಲಿಗೆ ಮುಳ್ಳಿನ ಕಂಟಿ ಅಡ್ಡ ಹಚ್ಚಿದ್ದರು. ಓಣಿಗೆ ಓಣಿಯೇ ಕೂಲಿ ಹುಡುಕಿಕೊಂಡು ಹೋಗಿತ್ತು. ಉದಗೀರ, ಕಮಾಲನಗರ ಎಂದು ಅಲೆದು, ಕೊನೆಗೆ ಔರಾದ ಕಡೆಯ ರಸ್ತೆ ಕೆಲಸದಲ್ಲಿ ತಾಯಿ ಮತ್ತು ಹೆಂಡತಿಯನ್ನು ಕಂಡ. ತಾಯಿ ಜ್ವರದಲ್ಲಿ ಗೋಣಿಚೀಲದ ಮೇಲೆ ಬಿದ್ದಿದ್ದಳು. ಬಸುರಿ ಕೇಶರಬಾಯಿ ಕಲ್ಲು ಒಡೆಯುತ್ತಿದ್ದಳು. ಒಡೆದವರಿಗಷ್ಟೇ ಜೋಳ.

ದತ್ತಾತ್ರಿ ಸಮವಸ್ತ್ರ ಬಿಚ್ಚಿಟ್ಟು ಅವಳ ಕೈಯ ಸುತ್ತಿಗೆ ತೆಗೆದುಕೊಂಡ. ರಜೆ ಮುಗಿಯಿತು, ತಾಯಿ ಸತ್ತಳು, ಮಗಳು ಶಾಲುಬಾಯಿ ಹುಟ್ಟಿದಳು. ಆಮೇಲೆ ಪಲ್ಟಣಕ್ಕೆ ಹೋದವನನ್ನು ಭಗೋಡಾ ಎಂದು ಬರೆದ ಒಂದು ಕಾಗದ ಕೊಟ್ಟು ಮನೆಗೆ ಕಳಿಸಿದರು.

*

ಶಾಲುಬಾಯಿ ಮದುವೆಯ ವಯಸ್ಸಿಗೆ ಬಂದಾಗ ಬೀದರದ ವಕೀಲ ಮುಜೀಬೋದ್ದೀನ ಒಂದು ದಾರಿ ಹೇಳಿದ್ದ.

“ಆವಾಗ ತಲಿ ಸರಿ ಇರಲಿಲ್ಲ ಅಂತ ಬರಕೊಡ್ರಿ. ಡಾಕ್ಟರ್ ಕಾಗದ ನಾ ನೋಡ್ಕೋತೀನಿ. ಭಗೋಡಾ ಅಳಸಿ ಹೋಗ್ತದ, ಬಿಮಾರಿ ಅಂತ ಬರ್ತದ. ನಸೀಬ ಇದ್ದರ ಪಿನ್‌ಶನ್ನೂ ಬರಬಹುದು.”

ದತ್ತಾತ್ರಿ ಪೆನ್ನು ಹಿಡಿದಿದ್ದ. ಕೇಶರಬಾಯಿ ಅವನ ಮೊಣಕೈ ಜಗ್ಗಿದಳು.

“ಭಗೋಡಾನ ಮಗಳಿಗಿ ಗಂಡು ಸಿಗ್ತಾನ. ಹುಚ್ಚನ ಮಗಳಿಗಿ ಸಿಗಂಗಿಲ್ಲ.”

ಅವನು ಪೆನ್ನು ಕೆಳಗಿಟ್ಟು ನಕ್ಕ. “ಬ್ಯಾಡ ಬಿಡ್ರಿ ವಕೀಲ್‌ಸಾಬ. ನನ್ನ ತಲಿ ಆವಾಗೇ ನೆಟ್ಟಗಿತ್ತು.”

ಶಾಲುಬಾಯಿಗೆ ಗಂಡು ಸಿಕ್ಕಿತು. ದತ್ತಾತ್ರಿ ಮಾತ್ರ ವರ್ಷ ವರ್ಷ ಇದ್ದದ್ದನ್ನೇ ಬರೆದು ಅರ್ಜಿ ಹಾಕಿದ. ಬದಲಾಯಿಸಲು ಬರುವುದಿಲ್ಲ ಎಂಬ ಉತ್ತರ ಬರುತ್ತಿತ್ತು. ಬಾಬಾಸಾಹೇಬರ ಜಯಂತಿಯ ಮೆರವಣಿಗೆಯಲ್ಲಿ ಮಾಜಿ ಸೈನಿಕರು ಟೋಪಿ ಹಾಕಿಕೊಂಡು ಮುಂದೆ ನಡೆದರೆ, ಅವನು ಬರಿ ತಲೆಯಲ್ಲಿ ಹಿಂದಿನಿಂದ ಅವರಿಗೆ ಕುಡಿಯುವ ನೀರು ಕೊಡುತ್ತ ಹೋಗುತ್ತಿದ್ದ.

*

ಕೇಶರಬಾಯಿ ಜಗಳ ಆಡಲಿಲ್ಲ. ಟೋಪಿಯನ್ನು ಗೋರಖನಾಥನ ಕೈಗೆ ಇಟ್ಟಳು.

“ಹಕ್ಕಿಲ್ಲ ಅಂದ್ರ ನನ್ನ ಮನ್ಯಾಗೂ ಬ್ಯಾಡ. ಸರಕಾರದ ಮಾಲು. ನೀವೇ ಜಮಾ ಮಾಡ್ರಿ, ಸುಭೇದಾರ ಸಾಹೇಬ್ರೆ.”

ಬೌದ್ಧರ ತ್ರಿಶರಣ ಹೇಳಿ ಹೆಣ ಎತ್ತಿದರು. ಗೋರಖನಾಥ ಒಂದು ಕೈಯಲ್ಲಿ ಚಟ್ಟದ ಬಿದಿರು, ಇನ್ನೊಂದು ಕೈಯಲ್ಲಿ ಟೋಪಿ ಹಿಡಿದು ನಡೆದ. ಅದನ್ನು ಹಾಕಿಕೊಳ್ಳುವಂತಿಲ್ಲ, ಕಿಸೆಯಲ್ಲಿ ತುರುಕುವಂತಿಲ್ಲ, ದಾರಿಯಲ್ಲಿ ಇಡುವಂತೆಯೂ ಇಲ್ಲ. ಓಣಿ ತಿರುಗುವತನಕ ಕೇಶರಬಾಯಿ ಆ ಕೈಯನ್ನೇ ನೋಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಗಂಡಸರು ತಿರುಗಿ ಬಂದರು. ಅವಳು ಮೂರನೆಯ ಕೊಡ ಹೊರಗೆ ತಂದಳು. ಒಬ್ಬೊಬ್ಬರಿಗೂ ಒಂದೊಂದು ತಂಬಿಗೆ. ಕೊನೆಗೆ ಗೋರಖನಾಥ ಬಂದು ಎರಡೂ ಕೈ ಮುಂದೆ ಚಾಚಿದ. ಕೈಗಳು ಖಾಲಿ ಇದ್ದವು. ತೋಳಿನ ಕೂದಲು ಸುಟ್ಟಿತ್ತು.

“ಟೋಪಿ?”

“ಜಮಾ ಮಾಡ್ದೆ, ವೈನಿ.”

“ಎಲ್ಲಿ?”

“ಅವರ ತಲಿಮ್ಯಾಲ. ಚಿತಿಗಿ ಬೆಂಕಿ ಹತ್ತಿತ್ತು, ಆದ್ರೂ ಸರಿಯಾಗೇ ಕುಂತದ.”

ರಿಕಾರ್ಡಿನಲ್ಲಿ ದತ್ತಾತ್ರಿ ಇನ್ನೂ ಭಗೋಡಾನೇ. ಟೋಪಿ ಮಾತ್ರ ಅವನ ಜೊತೆ ಹೋಗಿತ್ತು.

ಕೇಶರಬಾಯಿ ತಂಬಿಗೆ ಬದಿಗಿಟ್ಟು, ಕೊಡವನ್ನೇ ಎತ್ತಿ ಆ ಕೈಗಳ ಮೇಲೆ ಬಗ್ಗಿಸಿದಳು, ತಳದ ನೀರು ಮುಗಿಯುವತನಕ.