ಕೊಡೆಬಟ್ಟೆಯ ಕಾಗೆ

ಕಾರವಾರದಿಂದ ಅಂಕೋಲೆಯವರೆಗೆ ಆಕಾಶದಲ್ಲಿ ಯಾವ ವಿಮಾನ ಹೋದರೂ ಒಲೆಯ ಮುಂದಿನಿಂದ ಏಳದೆಯೇ ಅದರ ಹೆಸರು ಹೇಳಬಲ್ಲವಳು ನಾನೊಬ್ಬಳೇ. ಇದರಲ್ಲಿ ಅರ್ಧ ಸುಳ್ಳು. ನನಗೆ ಗೊತ್ತಿರುವುದು ಏರ್‌ಬಸ್, ಬೋಯಿಂಗ್ ಎಂಬ ಎರಡೇ ಹೆಸರು. ಒಂದು ತಪ್ಪಿದರೆ ಇನ್ನೊಂದು ಸರಿಯಾಗುತ್ತದೆ. ಉಳಿದ ಅರ್ಧ ನನ್ನ ತಮ್ಮನ ಮಗ ಮಧುಕರನದು.

ಆ ದಿನವೂ ಅವನು ತಾರಸಿಯ ಮೇಲೆಯೇ ಇದ್ದ. ಕೆಳಗೆ ಅವನ ಅಪ್ಪನ ವರ್ಷದ ಶ್ರಾದ್ಧಕ್ಕೆ ಭಟ್ಟರು ಬಂದು ಕೂತಾಗಿತ್ತು.

"ಮಧು, ಇಳ್ದು ಬಾರಾ. ದರ್ಭೆ ಹಿಡ್ಕಂಡು ಕೂತ್ಕಂಡು ಭಟ್ರಿಗೆ ಗಡ್ಡ ಬೆಳೀತು."

"ಬಂದೆ ಅತ್ತೆ. ಒಂದು ಏರ್‌ಬಸ್ ಬರ್ತಾ ಅದೆ. ಅದು ಹೋಗ್ಲಿ."

"ಅದು ಹೋಗೂಕೆ ನಿನ್ನ ಅಪ್ಪಣೆ ಬೇಕಾ?"

ಅವನು ಮೇಲೆಯೇ ನೋಡುತ್ತಿದ್ದ. ದುರ್ಬೀನು ಕಣ್ಣಿಗೆ ಅಂಟಿತ್ತು. ದಕ್ಷಿಣದಿಂದ ಬಂದ ವಿಮಾನ, ಗೋವೆಯಲ್ಲಿ ಇಳಿಯುವುದು. ರೆಕ್ಕೆಯ ತುದಿ ಮೇಲಕ್ಕೆ ಬಾಗಿದೆ. ಹೊಟ್ಟೆ ಬಿಳಿ, ಬಾಲ ನೀಲಿ. ಹೆಸರು ಸಿಕ್ಕಿತು. ಹೆಸರು ಸಿಕ್ಕ ಗಳಿಗೆಯಲ್ಲಿ ಎದೆಯೊಳಗೆ ಯಾರೋ ಬಂದು ಕೂತಂತಾಗುತ್ತಿತ್ತು ಅವನಿಗೆ. ವಿಮಾನ ಗೋವೆಯ ಗಡಿಯ ಮಾಜಾಳಿಯ ಆಚೆ ಮರೆಯಾಗುತ್ತಲೇ ಕೂತವರು ಎದ್ದು ಹೋಗುತ್ತಿದ್ದರು.

ಅವನ ಎದೆಯೊಳಗಿನದು ನಿನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಅವನ ಅಂಬೆಗಾಲಿನ ಕಾಲದಿಂದ ಅವನನ್ನು ನೋಡಿದ್ದೇನೆ. ಅವನು ಸುಮ್ಮನಿದ್ದಷ್ಟೂ ನನಗೆ ಜೋರಾಗಿ ಕೇಳಿಸುತ್ತದೆ.

ಅಂಕೋಲೆಯ ಕಾಲೇಜಿನಲ್ಲಿ ಅವನು ಭೌತಶಾಸ್ತ್ರ ಕಲಿಸುತ್ತಾನೆ. ನಲವತ್ತು ದಾಟಿತು, ಮದುವೆ ಇಲ್ಲ. ಇಷ್ಟು ವಿಮಾನಗಳ ಕುಲಗೋತ್ರ ಬಲ್ಲವನು ಇಂದಿಗೂ ಒಂದನ್ನೂ ಹತ್ತಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಒಳಗೆ ಕೂತ್ರೆ ವಿಮಾನ ಕಾಣೂದಿಲ್ಲ ಅತ್ತೆ" ಎಂದಿದ್ದ.

ಅವನು ಇಳಿದು ಬಂದು ಪಂಚೆ ಉಟ್ಟು ಕೂತ. ಭಟ್ಟರು ಹೇಳಿದ್ದನ್ನು ಹೇಳಿದ, ನೀರು ಬಿಡು ಎಂದಾಗ ಬಿಟ್ಟ. ಅಪ್ಪನ ಹೆಸರು ಹೇಳಬೇಕಾದಲ್ಲಿ ಒಮ್ಮೆ ತಡೆದ. "ದೇವಿದಾಸ" ಎಂಬ ಹೆಸರು ಪಡಿತರ ಚೀಟಿಯಲ್ಲಿರುವ ಯಾರೋ ಒಬ್ಬರದು ಎನಿಸಿತು. ಆ ಹೆಸರು ಹೇಳಿದಾಗ ಎದೆಯೊಳಗೆ ಯಾರೂ ಬಂದು ಕೂರಲಿಲ್ಲ.

ಮಾಜಾಳಿಗೆ ಕೊಟ್ಟ ಅವನ ತಂಗಿ ಕವಿತಾ ನನ್ನ ಪಕ್ಕದಲ್ಲಿ ವಡೆ ಬಿಡುತ್ತಿದ್ದಳು. ಅವಳ ಗಂಡನಿಗೆ ಗೋವೆಯಲ್ಲಿ ಕೆಲಸ. ಅವನು ಮನೆಗೆ ಬರುವ ಹೊತ್ತಿಗೆ ಇವಳು ತಲುಪಬೇಕು. ಎರಡು ವಡೆಗೊಮ್ಮೆ ಗಡಿಯಾರ ನೋಡುತ್ತಿದ್ದಳು.

ಶ್ರಾದ್ಧ ಮುಗಿಯಿತು. ಎಲೆಯಲ್ಲಿ ಅನ್ನ, ವಡೆ, ಪಾಯಸ ಇಟ್ಟುಕೊಂಡು ಎಲ್ಲರೂ ತಾರಸಿಗೆ ಹೋದೆವು. ಕಾಗೆ ಬಂದು ಮುಟ್ಟುವವರೆಗೆ ಮನೆಯಲ್ಲಿ ಯಾರೂ ತುತ್ತೆತ್ತುವ ಹಾಗಿಲ್ಲ.

ಚೆಂಡಿಯಾದಲ್ಲಿ ನಮ್ಮ ಮನೆಯಿದ್ದಾಗ ಹೀಗೆ ಮೆಟ್ಟಿಲು ಹತ್ತುವ ಕೆಲಸವೇ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಎಲೆ ಇಟ್ಟು ಕೈ ತೆಗೆಯುವುದರೊಳಗೆ ನೂರು ಕಾಗೆ ಬೀಳುತ್ತಿದ್ದವು. ನೂರಲ್ಲದಿದ್ದರೆ ಹತ್ತು. ಆಮೇಲೆ ಜಾಗ ನೌಕಾನೆಲೆಗೆ ಹೋಯಿತು. ಗೋಡೆ ಬಂತು. ನಮಗೆ ಈ ಕಾಲನಿಯಲ್ಲಿ ಪ್ಲಾಟು ಕೊಟ್ಟರು. ಕಾಗೆಗಳಿಗೆ ಯಾರೂ ಪ್ಲಾಟು ಕೊಡಲಿಲ್ಲ.

ಎಲೆ ಇಟ್ಟು ಹಿಂದೆ ಸರಿದು ನಿಂತೆವು.

"ಕಾ, ಕಾ" ಎಂದರು ಭಟ್ಟರು.

ಆಕಾಶ ತೊಳೆದಿಟ್ಟ ಹಾಗಿತ್ತು. ಕಾಗೆ ಇಲ್ಲ. ಮಧುಕರ ಅಭ್ಯಾಸಬಲದಿಂದ ಕತ್ತೆತ್ತಿದ. ಬಹಳ ಮೇಲೆ ಒಂದು ಬಿಳಿ ಗೆರೆ. ಅಷ್ಟು ಮೇಲೆ ಹೋಗುವುದು ಇಲ್ಲೆಲ್ಲೂ ಇಳಿಯುವುದಲ್ಲ. ಅದರ ಹೆಸರು ಅವನ ನಾಲಗೆಯ ತುದಿಗೆ ಬಂತು, ನುಂಗಿಕೊಂಡ.

"ಮಾಜಾಳಿ ಮಾವನ ಶ್ರಾದ್ಧಕ್ಕೂ ಹಿಂಗೇ ಆಗಿತ್ತು" ಎಂದಳು ಕವಿತಾ. "ಎಂತದೋ ಆಸೆ ಉಳ್ಕಂಡದೆ ಅಪ್ಪಂಗೆ. ದಾದಾ, ಹೇಳು ನೀನು."

ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದೇನೆಂದು ಮನೆಯವರು ಊಹಿಸಿ, ನಡೆಸಿಕೊಡುತ್ತೇನೆ ಎಂದು ಎಲೆಯ ಮುಂದೆ ಗಟ್ಟಿಯಾಗಿ ಹೇಳಬೇಕು. ಸರಿಯಾದದ್ದನ್ನು ಹೇಳಿದರೆ ಕಾಗೆ ಇಳಿಯುತ್ತದೆ.

"ಎಂತ ಹೇಳೂದು?" ಎಂದ ಮಧುಕರ.

"ಮದ್ವೆ ಆಗ್ತೆ ಅನ್ನು."

"ಸುಳ್ಳು ಹೇಳ್ಳಾ?"

"ಅದೆಲ್ಲ ಬ್ಯಾಡ" ಎಂದೆ ನಾನು. "ಇವನ ಮದ್ವೆ ಸುದ್ದಿ ಕೇಳಿದ್ರೆ ಇದ್ದೊಂದು ಕಾಗೆನೂ ಗೋವಾಕ್ಕೆ ಓಡ್ತದೆ. ಭಟ್ರೇ, ಒಂದು ಹುರಿದ ಬಂಗಡೆ ಇಟ್ಟು ನೋಡುವನಾ? ನನ್ನ ತಮ್ಮಂಗೆ ಅದಿಲ್ದೆ ಅನ್ನ ಇಳೀತಿರ್ಲಿಲ್ಲ."

"ಇವತ್ತೊಂದಿನ ಸುಮ್ನಿರಿ ಸುಗಂಧಕ್ಕ" ಎಂದರು ಭಟ್ಟರು.

ಕವಿತಾ ಸುಮ್ಮನಿರಲಿಲ್ಲ. ಮನೆ ಮಾರುವುದಿಲ್ಲ ಎಂದಳು. ವರ್ಷವರ್ಷವೂ ಬರುತ್ತೇನೆ ಎಂದಳು. ಅಣ್ಣನನ್ನು ಒಂಟಿ ಬಿಡುವುದಿಲ್ಲ ಎಂದಳು, ಹೇಳುತ್ತಲೇ ಗಡಿಯಾರ ನೋಡಿದಳು. ಒಂದಕ್ಕೂ ಕಾಗೆ ಬರಲಿಲ್ಲ.

ಮಧುಕರ ಯೋಚಿಸಿದ. ಅಪ್ಪನಿಗೆ ಏನು ಬೇಕಿತ್ತು? ಚಹಾ ಬೇಕು ಎನ್ನುತ್ತಿದ್ದ, ಮಗ ಕೊಡುತ್ತಿದ್ದ. ಕನ್ನಡಕ ಬೇಕು ಎಂದ, ಮಗ ತಂದುಕೊಟ್ಟ. ಬೇಕಾದದ್ದೆಲ್ಲ ಸಿಕ್ಕಿದ ಮನುಷ್ಯ. ಪರೀಕ್ಷೆಯಲ್ಲಿ ಪ್ರಶ್ನೆಯೇ ಅರ್ಥವಾಗದ ಹುಡುಗರು ಮೇಲೆ ನೋಡುವ ಹಾಗೆ ಅವನು ಮತ್ತೆ ಮೇಲೆ ನೋಡಿದ.

ಈ ಸಲ ಅವನ ಕಣ್ಣು ಆಕಾಶದವರೆಗೆ ಹೋಗಲಿಲ್ಲ. ಮೂಲೆಯ ಕಂಬದಲ್ಲಿ ಸಿಕ್ಕಿಕೊಂಡಿತು.

ಆ ಕಂಬ ಅವನದೇ. ಅದರ ತುದಿಯಲ್ಲೊಂದು ಆಂಟೆನಾ. ಹೋಗುವ ಬರುವ ವಿಮಾನಗಳೆಲ್ಲ ಗಾಳಿಯಲ್ಲಿ ತಾವು ಯಾರು ಎಂದು ಹೇಳಿಕೊಂಡೇ ಹೋಗುತ್ತವಂತೆ. ಅದನ್ನು ಹಿಡಿದು ಅವನ ಫೋನಿಗೆ ಕೊಡುವುದು ಅದರ ಕೆಲಸ. ಫೋನಿನ ನಕಾಶೆಯ ಮೇಲೆ ಹಳದಿ ವಿಮಾನಗಳು ಇರುವೆಗಳ ಹಾಗೆ ಹರಿದಾಡುತ್ತವೆ. ಮೊದಮೊದಲು ಕಾಗೆಗಳು ಅದರ ಮೇಲೆ ಕೂತು ವಯರು ಕುಕ್ಕಿ ಬಿಡಿಸಿಬಿಡುತ್ತಿದ್ದವು. ಇರುವೆಗಳು ಮಾಯ. ಆ ದಿನಗಳಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಅಪ್ಪ ಕೇಳಿಯೂ ಇರಲಿಲ್ಲ. ಒಂದು ಮಧ್ಯಾಹ್ನ ಅಪ್ಪನೇ ಹಳೇ ಕೊಡೆ ಬಿಚ್ಚಿ, ಅದರ ಬಟ್ಟೆ ಕತ್ತರಿಸಿ, ಕಡ್ಡಿಯನ್ನೇ ರೆಕ್ಕೆಯೊಳಗೆ ಸೇರಿಸಿ ಒಂದು ಕಾಗೆ ಹೊಲಿದ. ಚೆಂಡಿಯಾದ ಗದ್ದೆಯಲ್ಲಿ ಸತ್ತ ಕಾಗೆ ಕಟ್ಟುತ್ತಿದ್ದ ಹಾಗೆ ತಲೆ ಕೆಳಗಾಗಿ ಕಂಬಕ್ಕೆ ಕಟ್ಟಿದ. ಕಾಲನಿಯ ಕಾಗೆಗಳೆಲ್ಲ ಬಂದು ಆ ದಿನವಿಡೀ ಅದರ ಸುತ್ತ ಅತ್ತವು. ಮಾರನೆಯ ದಿನದಿಂದ ಒಂದೂ ಈ ಕಡೆ ಸುಳಿಯಲಿಲ್ಲ.

ಅದು ಈಗಲೂ ಅಲ್ಲೇ ತೂಗುತ್ತಿತ್ತು.

ಮಧುಕರ ನನ್ನನ್ನು ನೋಡಿದ. ನಾನು ಎಲೆಯನ್ನು ನೋಡಿದೆ.

ಕಾಗೆ ಬರುವುದಿಲ್ಲ ಎಂದು ಆಗ ಅವನಿಗೆ ತಿಳಿಯಿತು. ಬರುವುದಿಲ್ಲ, ಆಸೆ ಉಳಿದದ್ದಕ್ಕಲ್ಲ, ಈ ಬಟ್ಟೆಯ ಕಾಗೆಗೆ ಹೆದರಿ. ಅವನಿಗೆ ಸಮಾಧಾನವಾಯಿತು: ಇದು ಗಾಳಿ, ವಯರು, ಬಟ್ಟೆಯ ವಿಷಯ, ಇದಕ್ಕೆ ಕಾರಣವಿದೆ. ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು. ಯಾಕೆಂದರೆ ಅದೇ ಹೊತ್ತಿಗೆ ಕಂಬದ ಕೆಳಗಿನ ಸ್ಟೂಲು ಅವನಿಗೆ ಕಂಡಿತು.

ಸಂಜೆ ಅಪ್ಪ ಕೂರುತ್ತಿದ್ದ ಸ್ಟೂಲು. ಮಗ ದುರ್ಬೀನು ಹಿಡಿದು ನಿಂತಿರುತ್ತಿದ್ದ, ಅಪ್ಪ ಕೈಯನ್ನೇ ಹಣೆಗೆ ಹಿಡಿದು ಕೂತಿರುತ್ತಿದ್ದ. ದಿನಾ ಒಂದೇ ಮಾತು.

"ಮಧು, ಅಲ್ಲಿಂದ ನಮ್ಮ ಬಾವಿ ಕಾಣ್ತದೇನೋ?"

"ಅದು ಏರ್‌ಬಸ್ ಅಪ್ಪ."

"ಹೌದಾ?" ಎನ್ನುತ್ತಿದ್ದ ಅಪ್ಪ, ಬೇಕಾದದ್ದು ಸಿಕ್ಕಿದವನ ಹಾಗೆ. ಮರುದಿನ ಮತ್ತೆ ಕೇಳುತ್ತಿದ್ದ. ಮಗ ಮತ್ತೆ ಹೆಸರು ಹೇಳುತ್ತಿದ್ದ. ಹೇಳಿದ ಹೆಸರು ಒಂದು ದಿನವೂ ತಪ್ಪಿರಲಿಲ್ಲ.

ಚೆಂಡಿಯಾದ ಬಾವಿ, ನೌಕಾನೆಲೆಯ ಗೋಡೆಯ ಆಚೆಗಿನದು. ಅದು ಇದೆಯೋ, ಮುಚ್ಚಿದರೋ, ನೋಡಿ ಬಂದವರಿಲ್ಲ. ಮಧುಕರನ ತಲೆ ತಾನಾಗಿಯೇ ಲೆಕ್ಕಕ್ಕೆ ಇಳಿಯಿತು: ವಿಮಾನ ಇಷ್ಟು ಎತ್ತರ, ಬಾವಿಯ ಬಾಯಿ ಇಷ್ಟು ಅಗಲ, ಮನುಷ್ಯನ ಕಣ್ಣು ಇಷ್ಟು. ಕಾಣುವುದಿಲ್ಲ. ಇದೇ ಉತ್ತರ. ಇದನ್ನು ಯಾವ ಸಂಜೆಯಾದರೂ ಕೊಡಬಹುದಿತ್ತು. ಈಗ ಎಲೆಯ ಮುಂದೆ ಗಟ್ಟಿಯಾಗಿ ಹೇಳಬಹುದಾದ ಒಂದೇ ಒಂದು ಸತ್ಯ ಅವನ ಹತ್ತಿರವಿತ್ತು. ಅದು ನಡೆಸಿಕೊಡುವ ಮಾತಾಗಿರಲಿಲ್ಲ.

"ಊಟ ತಣ್ಗಾಯ್ತು" ಎಂದಳು ಕವಿತಾ. "ಭಟ್ರೇ, ದರ್ಭೆಯಲ್ಲೇ ಕಾಗೆ ಮಾಡಿ ಮುಟ್ಸೂಕೆ ಬರ್ತದಲ್ಲ?"

"ಬರ್ತದೆ. ಶಾಸ್ತ್ರದಲ್ಲಿ ಉಂಟು." ಅವರಿಗೂ ಹಸಿವಾಗಿತ್ತು. ಬೆರಳು ಆಗಲೇ ದರ್ಭೆಯನ್ನು ತಿರುಚಲು ಶುರುಮಾಡಿತ್ತು. ಒಂದು ಕೊಕ್ಕು ಬಂತು, ಒಂದು ಬಾಲ ಬಂತು.

"ಬ್ಯಾಡ" ಎಂದ ಮಧುಕರ.

ನಾವೆಲ್ಲ ತಿರುಗಿದೆವು. ಅವನು ಯಾವುದಕ್ಕೂ ಬೇಡ ಎಂದವನಲ್ಲ, ಬೇಕು ಎಂದವನೂ ಅಲ್ಲ.

ಸ್ಟೂಲು ಹತ್ತಿದ. ಪಂಚೆ ಕಾಲಿಗೆ ತೊಡರಿತು. ದಾರ ಬಿಸಿಲಿಗೆ ಸೆಟೆದಿತ್ತು, ಹಲ್ಲಿನಿಂದ ಕಡಿದ. ಕೊಡೆಬಟ್ಟೆಯ ಕಾಗೆ ಅವನ ಕೈಗೆ ಬಿತ್ತು. ಎಷ್ಟು ಹಗುರ ಎಂದುಕೊಂಡ. ಹೊಲಿಗೆ ದಪ್ಪ ದಪ್ಪ, ಅಂಕುಡೊಂಕು. ಕಣ್ಣಿರಬೇಕಾದ ಕಡೆ ಅಪ್ಪ ತನ್ನ ಅಂಗಿಯ ಗುಂಡಿ ಹಾಕಿದ್ದ. ಇಷ್ಟು ವರ್ಷ ಕೆಳಗಿನಿಂದ ಅದು ಕಂಡಿರಲಿಲ್ಲ. ದುರ್ಬೀನು ಕೈಯಲ್ಲೇ ಇರುತ್ತಿತ್ತು.

ಇಳಿದು ಬಂದು ಎಲೆಯ ಪಕ್ಕದಲ್ಲಿ ಅದನ್ನು ತಲೆ ಮೇಲಾಗಿ ಕೂರಿಸಿದ. ಕೂರಲಿಲ್ಲ, ವಾಲಿತು. ಹಿಡಿದುಕೊಂಡು ಕೂತ.

"ದಾದಾ, ಎಂತ ಇದು ಹುಡುಗಾಟ" ಎಂದಳು ಕವಿತಾ, ಅಳು ಬಂದವಳಂತೆ.

"ಇರ್ಲಿ ಬಿಡೇ" ಎಂದೆ ನಾನು.

ಆಗ ಬಂತು. ಎಲ್ಲಿಂದಲೋ, ಸದ್ದಿಲ್ಲದೆ. ನಿಜವಾದ ಕಾಗೆ. ಆನೆಯಷ್ಟು ದೊಡ್ಡದು ಎಂದರೆ ನಂಬಬೇಡಿ, ಆದರೆ ನನಗೆ ಹಾಗೇ ಕಂಡಿತು. ಎಲೆಯ ಹತ್ತಿರ ಇಳಿಯಲಿಲ್ಲ. ಕಂಬದ ತುದಿಯಲ್ಲಿ ಕೂತು, ಕತ್ತು ಓರೆ ಮಾಡಿ ನಮ್ಮನ್ನು ನೋಡಿತು. ಬಳಿಕ ವಯರನ್ನು ಕುಕ್ಕಿತು.

ಪ್ಯಾರಪೆಟ್ಟಿನ ಮೇಲಿಟ್ಟಿದ್ದ ಫೋನು ಒಮ್ಮೆ ಮಿಣುಕಿತು. ನಕಾಶೆಯ ಮೇಲಿನ ಹಳದಿ ವಿಮಾನಗಳು ನಿಂತಲ್ಲೇ ನಿಂತವು, ಆಮೇಲೆ ಒಂದೊಂದಾಗಿ ಆರಿದವು. ಗೋವೆಯಿಂದ ಅಂಕೋಲೆಯವರೆಗೆ ಆಕಾಶ ಖಾಲಿಯಾಯಿತು. ಮಧುಕರ ಅದನ್ನು ನೋಡಿದ. ಏಳಲಿಲ್ಲ.

ಅಷ್ಟರಲ್ಲಿ ಮೇಲೆ ಸದ್ದು. ಖಾಲಿ ಆಕಾಶದಲ್ಲಿ ಏನೋ ಹೋಗುತ್ತಿತ್ತು. ಯಾವುದು ಎಂದು ನಾನೇ ಅವನನ್ನು ಕೇಳುವವಳಿದ್ದೆ. ಅವನು ಕತ್ತೆತ್ತಿದ. ಬಿಸಿಲು ಕಣ್ಣಿಗೆ ಬಿತ್ತು. ಕೈಯನ್ನು ಹಣೆಗೆ ಹಿಡಿದ, ಥೇಟು ನನ್ನ ತಮ್ಮನ ಹಾಗೆ. ಹೆಸರು ಹೇಳಲಿಲ್ಲ.

"ಅಲ್ಲಿಂದ ಕಾಣ್ತದಾ?" ಎಂದು ಕೇಳಿದ.

ಮೇಲೆ ಕಂಬದ ಮೇಲಿನ ಕಾಗೆ, ಅದರ ಮೇಲೆ ಆ ಸದ್ದು, ಕೆಳಗೆ ಅವನ ಕೈಯಲ್ಲಿ ಗುಂಡಿಗಣ್ಣಿನದು. ಭಟ್ಟರು ದರ್ಭೆ ತಿರುಚುವುದನ್ನು ನಿಲ್ಲಿಸಿದ್ದರು. ಎಲೆಯ ಮೇಲಿನ ಅನ್ನ ಬಿಸಿಲಿಗೆ ಒಣಗಿ ಬಿಳುಚುತ್ತಿತ್ತು. ಕಾಗೆ ಕತ್ತನ್ನು ಇನ್ನೊಂದು ಬದಿಗೆ ಓರೆ ಮಾಡಿತು.

ಅವನು ಕೇಳಿದ್ದು ಯಾರನ್ನು? ಆಮೇಲೆ ಆ ಕಾಗೆ ಏನು ಮಾಡಿತು? ನಾನು ಹೇಳಿದರೆ ಅರ್ಧ ಸುಳ್ಳು ಸೇರಿಬಿಡುತ್ತದೆ. ನೀವೇ ಹೇಳಿ ನೋಡುವಾ.