ಮೀಸೆ ಒತ್ತೆ ಇಟ್ಟವನು

ಪಂಚಮಿ ಬಂತೆಂದರೆ ಮಾನ್ವಿಯ ಹುಡುಗರ ಕೈ ಸುಮ್ಮನಿರುವುದಿಲ್ಲ. ಇಂತಿಷ್ಟು ಎಸೆತಕ್ಕೆ ನಿಂಬೆಹಣ್ಣು ಇಂಥ ಕಡೆ ಮುಟ್ಟಿಸುತ್ತೇನೆಂದು ಪಂದ್ಯ ಕಟ್ಟುವುದು ಅಲ್ಲಿಯ ರೂಢಿ. ಯುದ್ಧದ ದೆಸೆಯಿಂದ ಸೀಮೆಎಣ್ಣೆಗೂ ಬರ ಬಂದ ಆ ವರ್ಷ ಒತ್ತೆ ಇಡಲು ಯಾರ ಜೇಬಿನಲ್ಲೂ ಏನೂ ಇರಲಿಲ್ಲ. ಕೆರೆಯ ಏರಿ ಮುಟ್ಟಿಸುತ್ತೇನೆಂದು ಹನುಮಂತ್ರಾಯ ಮೀಸೆಯನ್ನೇ ಒತ್ತೆ ಇಟ್ಟ.

ಎರಡು ವರ್ಷ ಹರಳೆಣ್ಣೆ ತಿಕ್ಕಿ ತಿಕ್ಕಿ ಬರಿಸಿದ ಮೀಸೆ ಅದು. ಮರುದಿನವೇ ಸಿರವಾರದ ಸೂಗಮ್ಮನ ಮನೆಯವರು ಅವನನ್ನು ನೋಡಲು ಬರುವವರಿದ್ದರು. ಹುಡುಗಿಯನ್ನು ಸಂತೆಯಲ್ಲಿ ಒಮ್ಮೆ ಕಂಡಂದಿನಿಂದ, ಮದುವೆಯಾದರೆ ಅವಳನ್ನೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಅಷ್ಟಿದ್ದೂ ಪಂದ್ಯದ ಮಾತು ಬಂದಾಗ ಬಾಯಿ ತಡೆಯಲಿಲ್ಲ, ಬುದ್ಧಿಗೇಡಿ.

ಕೊನೆಯ ಎಸೆತದ ಹಣ್ಣು ಕೆರೆಯ ಏರಿಗೆ ನಾಲ್ಕು ಮಾರು ಇರುವಾಗಲೇ ಜಾಲಿಮುಳ್ಳಿನಲ್ಲಿ ಸಿಕ್ಕಿಕೊಂಡಿತು. ಹನುಮಂತ್ರಾಯ ಎಷ್ಟು ಗೋಗರೆದರೂ ಗೆದ್ದ ಗೆಳೆಯ ಮೀರಾಹುಸೇನ ಬಿಡದೆ, ಕ್ಷೌರದವನನ್ನು ಕರೆಸಿ ಅಲ್ಲೇ ಬೋಳಿಸಿದ.

ರಾತ್ರಿಯೆಲ್ಲ ಮುಸುಕು ಹೊದ್ದು ಮಲಗಿದ ಹನುಮಂತ್ರಾಯ ಬೆಳಿಗ್ಗೆ ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡು ಮನೆಯಿಂದ ಜಾರಿಕೊಳ್ಳುವಾಗಲೇ ಸಿರವಾರದ ಬಂಡಿ ಬಂದು ನಿಂತಿತು. ಅವರ ಕಡೆ ತಂದೆ ಸತ್ತರಷ್ಟೇ ಮಗ ಮೀಸೆ ತೆಗೆಸುವುದು. ಸೂಗಮ್ಮನ ಅಜ್ಜಿ ಗೋಪಮ್ಮ ಅವನ ಬೋಳು ತುಟಿ ಕಂಡಿದ್ದೇ ತಡ, ಇಳಿದು ಬಂದು ಕೊರಳಿಗೆ ಬಿದ್ದು ಅಳತೊಡಗಿದಳು. ಅವನ ತಂದೆ ತಾಯಣ್ಣನಂಥವರು ಸಾವಿರಕ್ಕೊಬ್ಬರು ಎಂದು ಹಾಡಿಕೊಂಡು ಅತ್ತಳು. ಒಳಗೆ ಪಂಚಮಿಯ ಉಂಡಿ ಕಟ್ಟುತ್ತಿದ್ದ ತಾಯಿ ಓಡಿ ಬಂದು, ಗಂಡನಿಗೆ ಹೊಲದಲ್ಲಿ ಏನೋ ಆಯಿತೆಂದು ತಾನೂ ಎದೆ ಬಡಿದುಕೊಂಡಳು. ನಿಜ ಹೇಳಿದರೆ ಜೂಜುಕೋರನಿಗೆ ಯಾರು ಹೆಣ್ಣು ಕೊಟ್ಟಾರು? ಹನುಮಂತ್ರಾಯ ರುಮಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡ.

ಅಷ್ಟರಲ್ಲಿ ಎತ್ತುಗಳಿಗೆ ನೀರು ಕುಡಿಸಿಕೊಂಡು ತಾಯಣ್ಣನೇ ಬಂದ. ತನ್ನ ಗುಣಗಾನವನ್ನು ಸ್ವಲ್ಪ ಹೊತ್ತು ನಿಂತು ಕೇಳಿದ. ಆಮೇಲೆ, ಹೋದವರು ಯಾರು ಎಂದು ವಿಚಾರಿಸಿದ. ಅಳು ನಿಂತಿತು, ನಿಜ ಹೊರಬಿತ್ತು. ತಂದೆ ಬಾರುಕೋಲು ಎತ್ತಿದೊಡನೆ ಮಗ ಕೆನ್ನೆ ಕೆನ್ನೆ ಬಡಿದುಕೊಂಡು, ಇನ್ನು ಪಂದ್ಯದ ಹೆಸರೆತ್ತುವುದಿಲ್ಲ ಎಂದು ಆಣೆ ಮಾಡಿದ.

ಬೋಳು ತುಟಿಯವನ ಮುಂದೆ ಮದುವೆಯ ಮಾತು ಅಪಶಕುನ ಎಂದು ಗೋಪಮ್ಮ ಬಂಡಿ ಹತ್ತಿದಳು. ಮೀಸೆ ಬಂದ ಮೇಲೆ ನೋಡೋಣ, ಆದರೆ ಚೌತಿಯೊಳಗಂತೂ ಅದು ಬರುವಂಥದ್ದಲ್ಲ ಎಂದು ಗೊಣಗಿದಳು.

"ಚೌತಿಯೊಳಗ ಬರ್ತದ್ರೀ ಯವ್ವಾ," ಎಂದ ಹನುಮಂತ್ರಾಯ. "ಏನ್ ಪಂದ್ಯ?"

ತಾಯಣ್ಣ ಹಣೆ ಚಚ್ಚಿಕೊಂಡ. ಗೋಪಮ್ಮ ಮಾತ್ರ ಬಂಡಿಯಿಂದ ಬಗ್ಗಿ ಹುಡುಗನ ಮುಖವನ್ನು ಚೆನ್ನಾಗಿ ನೋಡಿದಳು.

"ಬಂತಂದ್ರ ಹುಡುಗಿ ನಿನಗ. ಬರಲಿಲ್ಲಂದ್ರ ದೇವದುರ್ಗದವರಿಗೆ ಕೊಡ್ತೀನಿ, ಅವರೂ ಕೇಳಾಕತ್ತಾರ."

ಬಂಡಿ ಹೋಯಿತು. ಹನುಮಂತ್ರಾಯ ತುಟಿ ಸವರಿಕೊಂಡು ನೋಡಿದ. ಕಟ್ಟಿದ ಅಷ್ಟೂ ಪಂದ್ಯಗಳಲ್ಲಿ ಮೊದಲ ಸಲ ಅವನಿಗೆ ಸೋಲುವ ಹೆದರಿಕೆಯಾಯಿತು.