ಎರಡು ಹೋಳಿನ ಕಣ

"ಆ ಬೀರುವಿಗೆ ಕೈ ಹಾಕಬೇಡಿ," ಎಂದು ಕಂಡಕ್ಟರು ನಡುವೆ ನುಗ್ಗಿ ಅಡ್ಡ ನಿಂತ.

ಹೆಂಡತಿ ಕೆಲಸ ಮಾಡಿದ ಆಸ್ಪತ್ರೆಯ ದೊಡ್ಡ ಡಾಕ್ಟರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಹೊರಗಿನ ಕೋಣೆಯಲ್ಲಿ ಕಂಡಕ್ಟರ ಹೆಂಡತಿಯನ್ನು ಮಲಗಿಸಿದ್ದರು. ನಾಲ್ಕು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವುದಿತ್ತು. ಬಂದವರೆಲ್ಲ ಹೂವಿಟ್ಟು, ಎರಡು ಮಾತಾಡಿ ಗೋಡೆಗೊರಗಿ ನಿಲ್ಲುತ್ತಿದ್ದರು. ಈ ಮನುಷ್ಯ ಮಾತ್ರ ಹೂವಿಟ್ಟವನೇ ಅತ್ತಿತ್ತ ನೋಡಿ ಒಳಕೋಣೆಗೆ ನುಸುಳಿದ್ದ. ಮೂವತ್ತು ವರ್ಷ ಬಸ್ಸಿನಲ್ಲಿ ಸೀಟಿ ಊದಿದ ಕಂಡಕ್ಟರಿಗೆ, ಟಿಕೆಟ್ ತಗೊಳ್ಳದವರ ಕುತ್ತಿಗೆ ಹೇಗೆ ತಿರುಗುತ್ತದೆಂದು ಚೆನ್ನಾಗಿ ಗೊತ್ತು.

"ಒಂದು ಸ್ಲೈಡ್ ಬೇಕಿತ್ತು," ಎಂದರು ಡಾಕ್ಟರು. "ಆ ನೀರುನಾಯೀದು."

"ಅದನ್ನೂ ಬಿಡಲ್ವಾ ನೀವು? ಅವಳ ಮಾನ ಕಳೆದ್ರಿ, ಮೈಕ್ರೋಸ್ಕೋಪ್ ಕಿತ್ಕೊಂಡ್ರಿ. ಉಳಿದಿರೋ ಒಂದು ಗಾಜಿನ ಚೂರನ್ನೂ ಪುಡಿ ಮಾಡಿದ್ರೆ ಹೊಟ್ಟೆ ತಣ್ಣಗಾಗತ್ತಾ?"

* * *

ಹನ್ನೊಂದು ವರ್ಷದ ಹಿಂದೆ, ಮೀನಿನ ಬಲೆಗೆ ಸಿಕ್ಕಿದ ನೀರುನಾಯಿಯೊಂದನ್ನು ಕಾಡುಪ್ರಾಣಿಗಳ ಆಸ್ಪತ್ರೆಗೆ ತಂದಿದ್ದರು. ಅಲ್ಲಿಯ ಲ್ಯಾಬು ಅವಳ ಕೈಯಲ್ಲಿತ್ತು. ಎಲ್ಲರ ಬಾಯಲ್ಲಿ ಅವಳು ಲ್ಯಾಬಕ್ಕ. ರಕ್ತದ ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ ನೋಡಿದಳು. ಬಿಳಿ ರಕ್ತಕಣಗಳಲ್ಲಿ, ಸೋಂಕಿನ ಮೇಲೆ ಮೊದಲು ಏರಿ ಹೋಗುವ ಬಗೆಯೊಂದಿದೆ. ಬಲಿತ ಮೇಲೆ ಅದರೊಳಗಿನ ಬೀಜ ಮೂರೋ ನಾಲ್ಕೋ ಹೋಳಾಗಿ, ಸಣ್ಣ ದಾರದಲ್ಲಿ ಪೋಣಿಸಿದಂತೆ ಕಾಣಬೇಕು. ಈ ಪ್ರಾಣಿಯಲ್ಲಿ ಯಾವ ಕಣ ನೋಡಿದರೂ ಎರಡೇ ಹೋಳು.

"ಎಳೆ ಕಣಗಳು," ಎಂದರು ದೊಡ್ಡ ಡಾಕ್ಟರು. ಸೋಂಕು ಜೋರಾದರೆ ಮೂಳೆಯೊಳಗಿಂದ ಬಲಿಯದ ಕಣಗಳೂ ಹೊರಗೆ ನುಗ್ಗುತ್ತವೆ. ಉಳಿದ ಪ್ರಾಣಿಗಳಿಗೆ ಹಬ್ಬುವ ಮೊದಲೇ ಇದಕ್ಕೆ ಸೂಜಿ ಕೊಟ್ಟು ಮುಗಿಸಿ ಎಂದು ಬರೆದು ಸಹಿ ಹಾಕಿದರು.

"ಎಳೇದಲ್ಲ ಸಾರ್," ಎಂದಳು ಅವಳು. "ಎಳೇದಾಗಿದ್ರೆ ಬೀಜ ಸಡಿಲ ಇರ್ತಿತ್ತು. ಇದು ಎಷ್ಟು ಗಟ್ಟಿಯಾಗಿ ಮುದುಡಿದೆ ನೋಡಿ. ಹುಟ್ಟಿನಿಂದಲೇ ಬಂದಿರೋ ಆಕಾರ. ಅಷ್ಟು ಕಾಯಿಲೆ ಬಿದ್ದಿರೋ ಪ್ರಾಣಿ ಬಕೆಟ್ಟುಗಟ್ಟಲೆ ಮೀನು ತಿನ್ನತ್ತಾ?"

ಮಾರನೇ ಬೆಳಿಗ್ಗೆ ಗೂಡು ಖಾಲಿ. ಬೀಗ ಮುರಿದಿರಲಿಲ್ಲ, ಕೀಲಿಕೈಯಿಂದಲೇ ತೆಗೆದಿದ್ದರು. ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ವಿಚಾರಣೆಯಲ್ಲಿ ಏನೂ ಸಾಬೀತಾಗಲಿಲ್ಲ. ಆದರೂ ಅವಳನ್ನು ಲ್ಯಾಬಿನಿಂದ ಎಬ್ಬಿಸಿ ಉಗ್ರಾಣದಲ್ಲಿ ಕೂರಿಸಿದರು. ಲ್ಯಾಬು ಬಿಡುವಾಗ ಆ ರಕ್ತದ ಸ್ಲೈಡನ್ನು ಮನೆಗೆ ತಂದು ಬೀರುವಿನಲ್ಲಿಟ್ಟಳು. ನಿವೃತ್ತಿಯವರೆಗೆ ಹತ್ತಿ, ಸಿರಿಂಜು, ಪೊರಕೆ ಹಂಚಿಕೊಂಡೇ ಕಳೆದಳು.

ಆ ವಾರ ಊಟಕ್ಕೆ ಕೂತಾಗ ಕಂಡಕ್ಟರೂ ಕೇಳಿದ್ದ, "ನಿಜ ಹೇಳು, ನೀನೇ ಬಿಟ್ಯಾ?"

ಅವಳು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. "ನಿಮಗೂ ಹಾಗೇ ಅನ್ಸತ್ತಾ?"

ಅವನು ಇಲ್ಲ ಅನ್ನಲಿಲ್ಲ. ಆಮೇಲೆ ಆ ಮನೆಯಲ್ಲಿ ಆ ಮಾತು ಏಳಲೇ ಇಲ್ಲ. ಅವಳು ಸುಮ್ಮನಿದ್ದಷ್ಟೂ ಅವನ ಅನುಮಾನ ಒಳಗೊಳಗೇ ಬಲಿಯಿತು.

* * *

ಸದ್ದು ಕೇಳಿ ಮಗಳು ಒಳಗೆ ಬಂದಳು. "ಏನಪ್ಪಾ ಇದು? ಹೊರಗೆಲ್ಲ ಕೇಳಿಸ್ತಿದೆ."

"ಕೇಳಿಸ್ಲಿ. ನಿಮ್ಮಮ್ಮನ್ನ ಎತ್ತೋಕೆ ಮುಂಚೆ ಕದಿಯೋಕೆ ಬಂದಿದ್ದಾರೆ."

ಡಾಕ್ಟರು ಮಂಚದ ಅಂಚಿನಲ್ಲಿ ಕುಸಿದು ಕೂತರು. "ಕದಿಯೋಕೇ ಬಂದೆ. ಕೇಳೋಕೆ ಮುಖ ಇರ್ಲಿಲ್ಲ. ಮೊನ್ನೆ ಹೊಳೇಲಿ ಇನ್ನೆರಡು ನೀರುನಾಯಿ ಸಿಕ್ಕಿವೆ. ಅದೇ ಎರಡು ಹೋಳು. ಈಗಿನ ಡಾಕ್ಟರು ನಾನೇ ಕಲಿಸಿದ ಹುಡುಗಿ, ನನ್ನ ಪಾಠಾನೇ ಒಪ್ಪಿಸ್ತಾಳೆ. ನಾಳೆ ಬೆಳಿಗ್ಗೆ ಮುಗಿಸ್ತಾರೆ. ಹಳೇ ಸ್ಲೈಡ್ ಪಕ್ಕದಲ್ಲಿಟ್ಟು ತೋರಿಸಿದ್ರೆ, ಇದು ವಂಶದಲ್ಲೇ ಇರೋದು ಅಂತ ನಂಬ್ತಾಳೆ."

"ಅವಳು ಹೇಳಿದ್ದೇ ಸರಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?" ಕಂಡಕ್ಟರು ಬೀರು ಬಿಟ್ಟು ಕದಲಲಿಲ್ಲ.

ಡಾಕ್ಟರು ನೆಲ ನೋಡಿದರು. "ಅವತ್ತೇ ಸಂಜೆ. ಒಬ್ಬನೇ ಕೂತು ಇನ್ನೊಂದು ಸಲ ನೋಡಿದೆ. ಸಹಿ ಹಾಕಿ ಆಗಿತ್ತು. ಎಲ್ಲರ ಮುಂದೆ ತಪ್ಪಾಯ್ತು ಅನ್ನೋಕೆ ನಾಲಗೆ ಏಳಲಿಲ್ಲ. ಬೀಗ ತೆಗೆದು, ಪಂಜರದಲ್ಲಿ ಒಯ್ದು ಹೊಳೆಗೆ ಬಿಟ್ಟವನು ನಾನೇ. ಬಿಡುವಾಗ ಕಚ್ಚಿತು. ಮಾರನೇ ದಿನ ಕೈಯ ಬ್ಯಾಂಡೇಜ್ ನೋಡಿದ ಕೂಡಲೇ ಲ್ಯಾಬಕ್ಕನಿಗೆ ಗೊತ್ತಾಗಿಹೋಯ್ತು."

"ಗೊತ್ತಿದ್ದೂ ಅವಳು ಬಾಯಿ ಬಿಡಲಿಲ್ವಾ?"

"'ಹೇಳಿದ್ರೆ ಯಾವ ಜಾಗ ಅಂತ ಕೇಳ್ತಾರೆ ಸಾರ್, ಮತ್ತೆ ಬಲೆ ಹಾಕ್ತಾರೆ' ಅಂದ್ರು. ಮನೇಲಾದ್ರೂ ಹೇಳಿ ಅಂದೆ. 'ನಮ್ಮನೆಯವರ ಕಿವಿಗೆ ಬಿದ್ರೆ ಕೊನೇ ಸ್ಟಾಪಿನವರೆಗೂ ಹೋಗತ್ತೆ' ಅಂತ ನಕ್ಕುಬಿಟ್ರು. ನನಗೂ ಅಷ್ಟೇ ಸಾಕಾಯ್ತು. ಸುಮ್ಮನಾಗಿಬಿಟ್ಟೆ."

ಅಳುತ್ತಿದ್ದ ಮಗಳಿಗೆ ತಡೆಯಲಾಗದೆ ನಗು ಬಂತು. ಕಂಡಕ್ಟರು ನಗಲಿಲ್ಲ. ಆ ಮಾತು ಅವಳದೇ, ಈ ಮನುಷ್ಯ ಕಟ್ಟಿ ಹೇಳುವಂಥದಲ್ಲ. ಹನ್ನೊಂದು ವರ್ಷ ಅವನು ತಪ್ಪು ಮುಖವನ್ನೇ ದುರುಗುಟ್ಟಿ ನೋಡಿದ್ದ.

"ಇದನ್ನೇ ಹೊರಗೆ ಬಂದು ಹೇಳಿ," ಎಂದ. "ಅವಳು ಇನ್ನೂ ಈ ಮನೇಲಿರುವಾಗಲೇ. ಆಮೇಲೆ ಸ್ಲೈಡಿನ ಮಾತು."

ಹೊರಗೆ ಆಸ್ಪತ್ರೆಯ ಸ್ಟೋರ್‌ಕೀಪರು ಯಾರಿಗೋ, "ಲ್ಯಾಬಕ್ಕ ಒಳ್ಳೆಯವರೇ, ಆ ನೀರುನಾಯಿ ವಿಷಯ ಒಂದು ಬಿಟ್ರೆ..." ಎನ್ನುತ್ತಿದ್ದ. ಡಾಕ್ಟರು ಅವಳ ಕಾಲ ಬಳಿ ನಿಂತು ಎಲ್ಲವನ್ನೂ ಹೇಳಿದರು. ಎರಡು ಕಡೆ ಧ್ವನಿ ಕೈಕೊಟ್ಟಿತು, ಕಂಡಕ್ಟರು "ಮುಂದೆ?" ಎಂದ. ಸ್ಟೋರ್‌ಕೀಪರು ತನ್ನ ಚಪ್ಪಲಿ ಹುಡುಕುವವನಂತೆ ಬಾಗಿಲಾಚೆ ಸರಿದ. ಕಂಡಕ್ಟರು ಹೆಂಡತಿಯ ಕಿವಿಯ ಹತ್ತಿರ ಬಾಗಿದ. ಅನ್ನಬೇಕೆಂದಿದ್ದ ಮಾತು ಹೊರಡುವಷ್ಟರಲ್ಲಿ ಬೀದಿಯಲ್ಲಿ ವ್ಯಾನಿನ ಹಾರ್ನು ಕೇಳಿತು.

* * *

ಎಲ್ಲ ಮುಗಿಸಿ ಬಂದವನು ಸ್ಲೈಡನ್ನು ಡಾಕ್ಟರ ಕೈಗೆ ಕೊಡಲಿಲ್ಲ. ಅಂಗಿ ಜೇಬಿನಲ್ಲಿಟ್ಟುಕೊಂಡು ತಾನೇ ಆಸ್ಪತ್ರೆಗೆ ಹೋದ. ಹುಡುಗಿ ಡಾಕ್ಟರು ಹಳೆಯದನ್ನೊಮ್ಮೆ, ಹೊಸದನ್ನೊಮ್ಮೆ ಬಹಳ ಹೊತ್ತು ನೋಡಿದಳು. ನೀರುನಾಯಿಗಳಿಗೆ ಜ್ವರವಿದೆಯೇ, ತಿನ್ನುತ್ತಿವೆಯೇ ಎಂದು ಕೆಲಸದವರನ್ನು ಕೇಳಿದಳು. ಕೊನೆಗೆ, "ನಾಳೆ ಬೇಡ, ನಿಲ್ಲಿಸ್ತೀನಿ," ಎಂದಳು.

"ಬರೆದುಕೊಡಿ," ಎಂದ ಕಂಡಕ್ಟರು. ಬರೆದದ್ದನ್ನು ಎರಡು ಸಲ ಓದಿದ.

ಹಿಂದಿನ ಅಂಗಳದಲ್ಲಿ ಇನ್ನೂ ಬೆಳಕಿತ್ತು. ಕಂಬಿಯಾಚೆಯ ತೊಟ್ಟಿಯಿಂದ ಒಂದು ನೀರುನಾಯಿ ಕುತ್ತಿಗೆಯವರೆಗೆ ಎದ್ದು, ಮೀಸೆಯಿಂದ ನೀರು ಸುರಿಸುತ್ತಾ ಅವನನ್ನೇ ದಿಟ್ಟಿಸಿತು. ಅವನು ಅಲುಗಾಡದೆ ನಿಂತ. ಅದು ಕಣ್ಣು ಕೀಳದೆಯೇ ದಡದ ಮೀನನ್ನು ಎರಡು ಕೈಯಲ್ಲಿ ಬಾಚಿಕೊಂಡು, ಹಿಂದೆ ಹಿಂದೆ ಸರಿದು ದೂರದ ಮೂಲೆ ಸೇರಿ, ತಲೆಯ ಕಡೆಯಿಂದ ತಿನ್ನತೊಡಗಿತು.